ಇಪ್ಪತ್ತಾರು ಮನೆಗಳ ಯಾದಿ

ಮನುಕುಲ ಕಾಡು ಬಿಟ್ಟು ಊರು ಕಟ್ಟಿಕೊಂಡದ್ದು ಕೂಡಿ ಉಣ್ಣುವ ಆಸೆಯಿಂದ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆಳಂದದ ನಮ್ಮ ಓಣಿಯವರು ಮಾತ್ರ ಊರಿಗೆ ಬಂದದ್ದು ಪಕ್ಕದ ಮನೆಯಲ್ಲಿ ಏನು ಬೇಯುತ್ತಿದೆ ಎಂದು ನೋಡುವುದಕ್ಕೆ. ಈ ವಿಷಯದಲ್ಲಿ ನಾನು ಅಧಿಕಾರದಿಂದ ಮಾತಾಡಬಲ್ಲೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ್ದೇನೆ, ಮೂವತ್ತೂ ವರ್ಷ ಆ ಓಣಿಯಲ್ಲೇ ಇದ್ದೇನೆ, ಮತ್ತು ಪಕ್ಕದ ಮನೆಯ ಒಗ್ಗರಣೆಯ ವಾಸನೆ ಹಿಡಿಯುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ.

ಹೋದ ತಿಂಗಳು ನಮ್ಮ ಟೈಪಿಂಗ್ ಮಾಸ್ತರು ತೀರಿಕೊಂಡರು. ಓಣಿಯವರೆಲ್ಲ ಈಗ ಅವರನ್ನು ಹೊಗಳುತ್ತಿದ್ದಾರೆ. ಅಂದರೆ ಅವರು ಇನ್ನು ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಖಾತ್ರಿಯಾಗಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಊರಲ್ಲಿ ಬರೀ ‘ಮಾಸ್ತರು’ ಎಂದರೆ ಅವರೇ. ಉಳಿದ ಮಾಸ್ತರರಾದ ನಮಗೆ ಹಿಂದೊಂದು ಹೆಸರೋ, ಹಿಂದಿನಿಂದೊಂದು ಅಡ್ಡಹೆಸರೋ ಬೇಕಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ, ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ, ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹನ್ನೆರಡು ಯಂತ್ರಗಳು. ಮುಂಜಾನೆ ಆರರಿಂದ ಅವು ಬಡಿದುಕೊಳ್ಳುವ ಸದ್ದಿಗೆ ಕೆಳಗಿನ ಸೈಕಲ್ ಅಂಗಡಿಯವನಿಗೆ ಮಾತಾಡುವ ಅಭ್ಯಾಸವೇ ತಪ್ಪಿ, ಗಿರಾಕಿಗಳಿಗೆ ಬೆರಳಲ್ಲೇ ಲೆಕ್ಕ ಹೇಳುತ್ತಿದ್ದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ಕಚೇರಿಗಳಲ್ಲಿ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹೊರಟ ಅರ್ಧ ಕಾಗದಗಳನ್ನು ಬಡಿದ ಬೆರಳುಗಳು ಆ ಮಾಳಿಗೆಯ ಮೇಲೆ ಪೆಟ್ಟು ತಿಂದವು. ಪೆಟ್ಟು ಅಂದರೆ ನಿಜವಾದ ಪೆಟ್ಟು. ಟೈಪ್ ಮಾಡುವಾಗ ಯಾರಾದರೂ ಕೀಲಿಗಳ ಕಡೆ ಕಣ್ಣು ಹಾಯಿಸಿದರೆ ಮಾಸ್ತರ ಕಟ್ಟಿಗೆಯ ಸ್ಕೇಲು ಬೆರಳ ಗಂಟಿನ ಮೇಲೆ ಬೀಳುತ್ತಿತ್ತು.

“ನೋಡಬ್ಯಾಡ! ಕಣ್ಣು ಕಾಗದದ ಮ್ಯಾಲ ಇರ್ಲಿ, ಕೈ ತನ್ನ ಕೆಲಸ ತಾನು ಮಾಡ್ಕೋತದ. ಉಣ್ಣಾಗ ಬಾಯಿ ಎಲ್ಲದ ಅಂತ ನೋಡ್ತಿಯೇನಲೇ?”

ಅವರದೊಂದು ಚಾಳಿ ಇತ್ತು. ಎದುರಿಗಿದ್ದವರು ಮಾತಾಡುತ್ತಿದ್ದರೆ ಮಾಸ್ತರ ಹತ್ತೂ ಬೆರಳು ತೊಡೆಯ ಮೇಲೆ ಆಡುತ್ತಿದ್ದವು. ನಾವು ಹೇಳಿದ್ದನ್ನೆಲ್ಲ ಅವರು ಅಲ್ಲೇ ಟೈಪ್ ಮಾಡುತ್ತಿದ್ದರು. ಶಬ್ದ ಮುಗಿದಲ್ಲಿ ಹೆಬ್ಬೆರಳು ಒಮ್ಮೆ ಕುಟ್ಟುವುದು; ಸಾಲು ಮುಗಿದಲ್ಲಿ ಎಡಗೈ ಗಾಳಿಯಲ್ಲಿ ಎದ್ದು, ಇಲ್ಲದ ಹಿಡಿಕೆಯನ್ನು ಬಲಕ್ಕೆ ತಳ್ಳುವುದು. ಉದ್ದುದ್ದ ಮಾತಾಡುವ ನನ್ನಂಥವನು ಎದುರಿಗೆ ಕೂತರೆ ಅವರ ಎಡಗೈಗೆ ಬಹಳ ದಣಿವಾಗುತ್ತಿತ್ತು.

ಜನರ ಮಾತಿನ ಮೇಲೆ ಅವರಿಗಿದ್ದ ನಂಬಿಕೆ ಒಂದು ರೀತಿಯ ಅಂಗವೈಕಲ್ಯವೇ ಆಗಿತ್ತು. ಒಮ್ಮೆ ಖಜೂರಿಯ ರೈತನೊಬ್ಬ ಹೊಲದ ಹದ್ದುಬಸ್ತಿನ ತಕರಾರಿಗೆ ತಹಶೀಲ್ದಾರರಿಗೊಂದು ಅರ್ಜಿ ಹೇಳಿ ಬಡಿಸಿಕೊಂಡ. ನಡುವೆ ದಾಯಾದಿಯ ನೆನಪಾಗಿ “ಥೂ, ಅವನ ಮುಖಕ್ಕ ಮಣ್ಣ್ ಹಾಕ” ಎಂದ. ಅರ್ಜಿಯಲ್ಲಿ ಅದೂ ಬಂತು. ಸಾಹೇಬರು ತಮಗೇ ಅಂದದ್ದೆಂದು ತಿಳಿದು ಕೂಗಾಡಿದರು. ರೈತ ಅಳುತ್ತ ಬಂದಾಗ ಮಾಸ್ತರು ಬೇರೆ ಅರ್ಜಿ ಪುಕ್ಕಟೆ ಬಡಿದುಕೊಟ್ಟರು. ಆದರೆ ತಪ್ಪು ಒಪ್ಪಲಿಲ್ಲ.

“ನೀ ಅಂದಿ, ನಾ ಬಡಿದೆ. ಮನುಷ್ಯಾ ಬಾಯಿಬಿಟ್ಟು ಒಂದ್ ಮಾತು ಅಂದ್ಮ್ಯಾಲ ಅದು ಬ್ಯಾಡಾಗಿತ್ತು ಅಂತ ನಾ ಹ್ಯಾಂಗ್ ತಿಳ್ಕೊಳ್ಳಿ?”

ತೊಂಬತ್ತರ ದಶಕ ಅರ್ಧ ದಾಟುವ ಹೊತ್ತಿಗೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. ಯಂತ್ರಗಳ ಮೇಲೆ ಹೊದಿಸಿದ ಬಟ್ಟೆ ಎತ್ತುವವರಿಲ್ಲದಂತಾಯಿತು. ಮಾಸ್ತರು ಹನ್ನೊಂದು ಯಂತ್ರಗಳನ್ನು ಮಾರಿ, ಹೈದರಾಬಾದಿನಿಂದ ಯಾವುದೋ ಕಚೇರಿ ಬಳಸಿ ಬಿಟ್ಟ ಕಂಪ್ಯೂಟರನ್ನೂ, ಗರಗಸ ಎಳೆದಂತೆ ಸದ್ದು ಮಾಡುವ ಒಂದು ಪ್ರಿಂಟರನ್ನೂ ತಂದರು. ಆಗ ಅವರಿಗೆ ಅರವತ್ತರ ಹತ್ತಿರ ವಯಸ್ಸು. ಮಡದಿ ತೀರಿಹೋಗಿದ್ದರು, ಒಬ್ಬಳೇ ಮಗಳನ್ನು ಹುಮನಾಬಾದಿಗೆ ಕೊಟ್ಟಿತ್ತು. ಓದಿದ್ದು ಉರ್ದು ಮೀಡಿಯಮ್, ಬಡಿದದ್ದು ಇಂಗ್ಲಿಷು, ಆಡಿದ್ದು ನಮ್ಮ ಕನ್ನಡ. ಇನ್ನು ನಾಲ್ಕನೆಯದಾಗಿ ಕಂಪ್ಯೂಟರಿನ ಭಾಷೆಯನ್ನು ಒಂದು ಪುಸ್ತಕ ಇಟ್ಟುಕೊಂಡು ತಾವೇ ಕಲಿತರು. ಕಲಿತು ಏನು ಮಾಡುತ್ತಾರೆ ಎಂದು ಓಣಿಯೆಲ್ಲ ಕಾದಿತ್ತು. ಜಾತಕ ತೆಗೆಯುತ್ತಾರೆ ಎಂಬುದು ಬಹುಮತದ ಅಭಿಪ್ರಾಯವಾಗಿತ್ತು.

ಅವರು ಮಾಡಿದ್ದು ಕಿರಾಣಿಯ ಪ್ರೋಗ್ರಾಮು.

ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. ನಮ್ಮ ಓಣಿಯಲ್ಲಿ ಇಪ್ಪತ್ತಾರು ಮನೆ. ಇಪ್ಪತ್ತಾರು ಮನೆಯವರೂ ಇಪ್ಪತ್ತಾರು ಸಲ ಅಂಗಡಿಗೆ ಹೋಗಿ, ಇಪ್ಪತ್ತಾರು ಪ್ಲಾಸ್ಟಿಕ್ ಚೀಲದಲ್ಲಿ ಅದೇ ಕಲಬೆರಕೆ ಬೇಳೆ, ಅದೇ ನುಸಿ ಹಿಡಿದ ಜೋಳ ತರುತ್ತಾರೆ. ಅದರ ಬದಲು ಪ್ರತಿ ಮನೆಯವರೂ ಬಂದು ತಿಂಗಳಿಗೆ ಏನು ಬೇಕೆಂದು ಹೇಳಬೇಕು. ಮಾಸ್ತರು ಬಡಿಯುತ್ತಾರೆ. ಕಂಪ್ಯೂಟರು ಎಲ್ಲವನ್ನೂ ಕೂಡಿಸಿ ಇಷ್ಟು ಜೋಳ, ಇಷ್ಟು ಬೇಳೆ ಎಂದು ಹೇಳುತ್ತದೆ. ಆಮೇಲೆ ಬೆಳೆದವರ ಮನೆಯಿಂದಲೇ ಚೀಲಗಟ್ಟಲೆ ತರುವುದು. ಜೋಳ ಸರಸಂಬಾದಿಂದ, ತೊಗರಿಬೇಳೆ ಜೇವರ್ಗಿಯಿಂದ, ಬೆಲ್ಲ ಅಫಜಲಪುರದಿಂದ, ಹಬ್ಬ ಹುಣ್ಣಿವೆಗೆ ಬೇಕಾಗುವ ನಾಲ್ಕು ಕಾಳು ಅಕ್ಕಿ ಯಡ್ರಾಮಿ ಕಡೆಯ ನೀರಾವರಿ ಗದ್ದೆಯಿಂದ. ಎಣ್ಣೆಗೆ ಮನೆಯ ಡಬ್ಬಿ, ಕಾಳಿಗೆ ಬಟ್ಟೆಯ ಚೀಲ. ಯಂತ್ರಗಳ ಮೇಲೆ ಹೊದಿಸುತ್ತಿದ್ದ ಹನ್ನೊಂದು ಬಟ್ಟೆಗಳನ್ನು ಆಗಲೇ ಹರಿದು, ಚೀಲ ಹೊಲಿಸಿ ಇಟ್ಟಿದ್ದರು.

“ದಾಸೋಹ ಅಂದ್ರ ಕೂಡಿ ಉಣ್ಣೂದಷ್ಟೇ ಅಲ್ರಿ ಪಂಡಿತರ,” ಎಂದರು. ಕನ್ನಡ ಕಲಿಸುವವನೆಂದು ನನ್ನನ್ನು ಹಾಗೆ ಕರೆಯುತ್ತಿದ್ದರು. “ಕೂಡಿ ತರೂದೂ ದಾಸೋಹನೇ. ತರೂದ್ರಾಗ ಕೂಡ್ಲಿಲ್ಲಂದ್ರ ಉಣ್ಣೂದ್ರಾಗ ಎಲ್ಲಿ ಕೂಡ್ತೀರಿ?”

ಚೀಟಿ, ವಹಿ ಯಾವುದೂ ಬೇಡವೆಂದರು. ಕಾಗದ ದಂಡ; ನೀವು ಬಾಯಿಂದ ಹೇಳಿದರೆ ಸಾಕು, ನಾನು ಬಡಿಯುತ್ತೇನೆ. ಅವರ ಸರ್ವನಾಶಕ್ಕೆ ಕಾರಣವಾದದ್ದು ಉಳಿಸಿದ ಆ ಕಾಗದ.

ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಅವರ ಶಿಷ್ಯರು ಒಬ್ಬೊಬ್ಬರು ಕಂಪ್ಯೂಟರ್ ಇಟ್ಟುಕೊಂಡಿದ್ದರು. ಅವರ ಊರ ಯಾದಿಗೂ ನಮ್ಮ ಯಾದಿಗೂ ಗಂಟು ಹಾಕುವುದು ಮಾಸ್ತರ ದೊಡ್ಡ ಯೋಜನೆ. ಯಾದಿ ತುಂಬಿದ ಚಪ್ಪಟೆ ಫ್ಲಾಪಿಯೊಂದನ್ನು ಶೇಂಗಾ ಹಿಂಡಿಯ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಮೊದಲ ದಿನ ಕಂಡಕ್ಟರ್ ಡಬ್ಬಿ ಅಲ್ಲಾಡಿಸಿ ನೋಡಿದ.

“ಏನದರೀ ಇದ್ರಾಗ?”

“ಮೂರು ಕ್ವಿಂಟಲ್ ಬೆಲ್ಲ ಅದ,” ಎಂದರು ಮಾಸ್ತರು, ಅತ್ಯಂತ ಗಂಭೀರವಾಗಿ.

“ಹಂಗಾದ್ರ ಲಗೇಜ್ ಟಿಕೇಟ್ ತಗೋರಿ.”

ಮಾಸ್ತರು ತೆಗೆದುಕೊಂಡರು. ಕಂಡಕ್ಟರ್ ಚಾಷ್ಟಿಗೆ ಅಂದದ್ದೆಂದು ಅವರಿಗೆ ಹೊಳೆಯಲಿಲ್ಲ. ನಾನು ತಿಳಿಸಿ ಹೇಳಿದಾಗ, ಅವನು ಕೇಳಿದ, ನಾನು ಕೊಟ್ಟೆ, ಇದರಲ್ಲಿ ಚಾಷ್ಟಿ ಎಲ್ಲಿಂದ ಬಂತು ಎಂದು ನನ್ನನ್ನೇ ಕೇಳಿದರು. ಮುಂದೆ ಈ ಡಬ್ಬಿ ಬಸ್ಸಿನಲ್ಲಿ ಹೋಗುವುದಿಲ್ಲ, ಟೆಲಿಫೋನಿನ ತಂತಿಯಲ್ಲೇ ಹೋಗುತ್ತದೆ, ಹೈದರಾಬಾದಿನಲ್ಲಿ ಅದಕ್ಕೆ ಇಂಟರ್ನೆಟ್ ಅನ್ನುತ್ತಾರೆ, ಸರಸಂಬಾದವನು ಅಲ್ಲೇ ಕೂತು ನಮ್ಮ ಯಾದಿ ನೋಡುತ್ತಾನೆ ಎಂದೂ ಹೇಳುತ್ತಿದ್ದರು. ನಮ್ಮ ಟೆಲಿಫೋನ್ ತಂತಿಯಲ್ಲಿ ಆಗ ‘ಹಲೋ’ ಎಂಬುದೇ ಪೂರ್ತಿ ಹೋಗುತ್ತಿರಲಿಲ್ಲ. ‘ಹ’ ಆಳಂದದಲ್ಲೇ ಉಳಿಯುತ್ತಿತ್ತು.

ಆದರೆ ಮೊದಲ ಕೆಲವು ತಿಂಗಳು ನಡೆಯಿತು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ: ಚೆನ್ನಾಗಿಯೇ ನಡೆಯಿತು. ಸರಸಂಬಾದ ಒಬ್ಬ ಮುತ್ಯಾ, ಎಪ್ಪತ್ತರ ಮುದುಕ, ತನ್ನ ಹೊಲದ ಬಿಳಿ ಜೋಳವನ್ನು ಬಂಡಿಯಲ್ಲಿ ಹೇರಿಕೊಂಡು ತಾನೇ ಬರುತ್ತಿದ್ದ. ಹಿಡಿ ಜೋಳ ತೆಗೆದು ಅಂಗೈ ಮೇಲೆ ಹರಡಿ, “ನೋಡ್ರೆವ್ವಾ, ಮುತ್ತು! ಇದರ ರೊಟ್ಟಿ ತಿಂದ್ರ ಅತ್ತಿ ಸೊಸಿ ಜಗಳಾ ಮರೀತಾರ” ಎನ್ನುತ್ತಿದ್ದ. ಹೆಂಗಸರು ನಗುತ್ತಿದ್ದರು. ಮಾಳಿಗೆಯ ಮೆಟ್ಟಿಲ ಮೇಲೆ ಬಟ್ಟೆಯ ಚೀಲ ಹಿಡಿದು ಸಾಲಾಗಿ ನಿಂತ ನಮ್ಮ ಓಣಿಯನ್ನು ನೋಡಿ, ಮನುಷ್ಯರ ಬಗ್ಗೆ ನಾನು ಇಟ್ಟುಕೊಂಡಿದ್ದ ಅಭಿಪ್ರಾಯ ತಪ್ಪಿರಬಹುದೇ ಎಂದು ನನಗೂ ಒಂದೆರಡು ಸಲ ಅನ್ನಿಸಿತು.

ಎಲ್ಲವೂ ಬಯಲಲ್ಲಿ ನಡೆಯಬೇಕೆಂಬುದು ಮಾಸ್ತರ ತತ್ವ. ಅದಕ್ಕಾಗಿ ತಿಂಗಳ ಯಾದಿಯನ್ನು ಪ್ರಿಂಟು ತೆಗೆದು ಇನ್‌ಸ್ಟಿಟ್ಯೂಟಿನ ಕೆಳಬಾಗಿಲಿಗೆ ಮೂರು ದಿನ ಹಚ್ಚುತ್ತಿದ್ದರು. ಎಡಕ್ಕೆ ಮನೆಯ ಯಜಮಾನರ ಹೆಸರು, ಬಲಕ್ಕೆ ಜೋಳ, ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ. ಎಲ್ಲ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ. ತಕರಾರಿದ್ದವರು ಬಂದು ಹೇಳಬಹುದು.

ಆ ಶ್ರಾವಣದಲ್ಲಿ ನಮ್ಮ ಓಣಿಯ ನಿವೃತ್ತ ಗಿರದಾವರರ ಕಿರಿಯ ಮಗಳನ್ನು ನೋಡಲು ಗಡಿಯಾಚೆಯಿಂದ ಗಂಡಿನ ಕಡೆಯವರು ಬಂದರು. ನೋಡಿದರು, ಅವಲಕ್ಕಿ ತಿಂದರು, ಹೊರಟರು. ಬಸ್ಸಿಗೆ ಹೊತ್ತಿತ್ತು. ಸೈಕಲ್ ಅಂಗಡಿಯ ನೆರಳಲ್ಲಿ ನಿಂತವರು ಬಾಗಿಲ ಮೇಲಿನ ಯಾದಿ ಓದಿದರು. ಕಂದಾಯ ಇಲಾಖೆಯಲ್ಲಿ ಊರಿಗೇ ಧಣಿಯಂತೆ ಮೆರೆದ ಗಿರದಾವರ ಸಾಹೇಬರ ಹೆಸರಿನ ಮುಂದೆ ಜೋಳ ನಲವತ್ತು ಕಿಲೋ, ಅಕ್ಕಿ ಒಂದು ಕಿಲೋ ಎಂದಿತ್ತು. ಗಂಡಿನ ಸೋದರಮಾವ ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದನಂತೆ. ಅನ್ನ ಉಣ್ಣುವವರೇ ಸ್ಥಿತಿವಂತರು ಎಂಬುದು ಅವರ ಕಡೆಯ ಲೆಕ್ಕ. ಒಂದು ವಾರಕ್ಕೆ ‘ಬೇಡ’ ಎಂದು ಕಾಗದ ಬಂತು. ಕಾರಣ ಬರೆದಿರಲಿಲ್ಲ. ಹುಡುಗಿ ಎತ್ತರ ಕಡಿಮೆ ಎಂದೂ ಇರಬಹುದು, ವರದಕ್ಷಿಣೆ ಕಡಿಮೆ ಎಂದೂ ಇರಬಹುದು. ಆದರೆ ಓಣಿ ಕಾರಣವನ್ನು ಒಂದೇ ಮಧ್ಯಾಹ್ನದಲ್ಲಿ ನಿರ್ಣಯಿಸಿತು: ಜೋಳ.

ಮುಂದಿನ ತಿಂಗಳ ಯಾದಿಯಲ್ಲಿ ಗಿರದಾವರರ ಹೆಸರಿನ ಮುಂದೆ ಅಕ್ಕಿ ಇಪ್ಪತ್ತೈದು ಕಿಲೋ, ಜೋಳ ಸೊನ್ನೆ. ಅವರ ಪಕ್ಕದ ಮನೆಯ ಬ್ಯಾಂಕಿನವರು ಅದನ್ನು ಓದಿ ಮೂವತ್ತು ಹೇಳಿದರು. ನಮ್ಮ ಮನೆಯಲ್ಲಿ ಚರ್ಚೆ ನಡೆದದ್ದು ಹೀಗೆ.

“ಏನ್ರಿ, ಓಣ್ಯಾಗ ಎಲ್ಲರೂ ಇಪ್ಪತ್ತರ ಮ್ಯಾಲ ಅದಾರ. ನಿಮ್ಮ ಹೆಸರಿನ ಮುಂದ ಬರೇ ಎರಡು ಕಿಲೋ. ಹಳದಿ ಕುಂಕುಮಕ್ಕ ಹೋದ್ರ ಮಂದಿ ನನ್ನ ಮಾರಿ ನೋಡ್ತಾರ.”

“ಅಲ್ಲಬೇ, ನಾವು ರೊಟ್ಟಿ ತಿನ್ನವ್ರು. ಅಕ್ಕಿ ತಂದ್ ಏನ್ ಮಾಡ್ತಿ?”

“ತಿನ್ನೂದು ಒಳಗ. ಯಾದಿ ಹೊರಗ.”

ಮೂವತ್ತು ವರ್ಷ ಅಲಂಕಾರ ಶಾಸ್ತ್ರ ಕಲಿಸಿದ ನಾನು ಚಪ್ಪಲಿ ಮೆಟ್ಟಿಕೊಂಡೆ. ಮಾಳಿಗೆ ಹತ್ತಿ ಹೋಗಿ, ಮಾಸ್ತರ ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡು, “ಅಕ್ಕಿ ಮೂವತ್ತು ಕಿಲೋ, ಜೋಳ ಬೇಡ” ಎಂದೆ. ಮಾಸ್ತರು ಪರದೆಯ ಮೇಲೆ ಕಣ್ಣಿಟ್ಟು ಬಡಿದರು. ಒಂದು ಮಾತು ಕೇಳಲಿಲ್ಲ. ನಾನು ಅಂದೆ, ಅವರು ಬಡಿದರು.

ಜೋಳವನ್ನು ನಾವೆಲ್ಲ ಕತ್ತಲಾದ ಮೇಲೆ ಹಿಂದಿನ ಸಂದಿಯಿಂದ ಪೇಟೆಗೆ ಹೋಗಿ, ಟವೆಲಿನಲ್ಲಿ ಮುಚ್ಚಿ ತರುತ್ತಿದ್ದೆವು. ಸಂದಿಯಲ್ಲಿ ಗಿರದಾವರರು ಎದುರಾದರೆ ಇಬ್ಬರೂ ಮಳೆಯ ವಿಷಯ ಮಾತಾಡುತ್ತಿದ್ದೆವು. ಯಾದಿಯ ಮೇಲಿನ ಅಕ್ಕಿಯನ್ನು ಎರಡು ತಿಂಗಳು ಎಲ್ಲರೂ ಮರ್ಯಾದೆಯಿಂದ ಒಯ್ದೆವು. ಬೀಗರಿಗೆ ಕೊಟ್ಟೆವು, ಹಪ್ಪಳ ಮಾಡಿದೆವು, ನನ್ನ ಮನೆಯಲ್ಲಿ ಮಂಚದ ಕೆಳಗೆ ಒಂದು ಚೀಲ ಹಾಗೇ ಇತ್ತು. ಮೂರನೆಯ ತಿಂಗಳು ಇಡಲು ಜಾಗವಿರಲಿಲ್ಲ. ಆದರೂ ಯಾದಿಗೆ ಹೇಳುವಾಗ ಕಡಿಮೆ ಹೇಳಲು ಯಾರೂ ಮೊದಲಾಗಲಿಲ್ಲ.

ಮಾಸ್ತರಿಗೆ ಇದೊಂದೂ ತಿಳಿಯಲಿಲ್ಲ. ಓಣಿಯ ಊಟ ಬದಲಾಗಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದರು. ಯಾದಿಯಲ್ಲಿ ಜೋಳ ಸೊನ್ನೆ ಕಂಡಾಗ ಬಿತ್ತನೆಯ ಹಂಗಾಮು ಹತ್ತಿರ ಬಂದಿತ್ತು. ಮುದುಕ ನಮ್ಮನ್ನು ನಂಬಿ ಹೊಲವೆಲ್ಲ ಜೋಳ ಹಾಕಿ ಕೂತರೆ ನಷ್ಟವಾದೀತು ಎಂದು ಸ್ವತಃ ಸರಸಂಬಾಕ್ಕೆ ಹೋಗಿ ಹೇಳಿ ಬಂದರು: “ಮುತ್ಯಾ, ನಮ್ಮ ಮಂದಿ ಈಗ ಅಕ್ಕಿಗೆ ಹೊಂಟಾರ. ಬ್ಯಾರೆ ಏನರೆ ಬಿತ್ತು.” ಅವನು ಸೂರ್ಯಕಾಂತಿ ಬಿತ್ತಿದ.

ದಸರೆಯ ನಂತರ ಯಡ್ರಾಮಿಯಿಂದ ಅಕ್ಕಿ ಬಂತು. ಮಾಸ್ತರ ಮಾತಿನ ಮೇಲೆ ಸಾಲವಾಗಿ ಬಂದದ್ದು. ಟೈಪ್‌ರೈಟರ್ ಇರುತ್ತಿದ್ದ ಮೇಜುಗಳ ನಡುವೆ ಎಂಟು ಚೀಲ ಪೇರಿಸಿದರು. ಒಂದು ದಿನ ಕಾದರು, ಎರಡು ದಿನ ಕಾದರು. ಒಬ್ಬರೂ ಒಯ್ಯಲು ಬರಲಿಲ್ಲ. ಐದನೆಯ ದಿನ ಮನೆಮನೆಗೆ ಹೋಗಿ ರವಿವಾರ ಮುಂಜಾನೆ ಸಭೆಗೆ ಬರಬೇಕೆಂದು ಕರೆದರು.

ಆ ಸಭೆಯನ್ನು ನಾನು ಮರೆಯಬೇಕೆಂದು ಬಹಳ ಪ್ರಯತ್ನಿಸಿದ್ದೇನೆ. ಗಂಡಸರು ಅಕ್ಕಿ ಚೀಲಗಳ ಮೇಲೇ ಕೂತರು, ಬೇರೆ ಜಾಗವಿರಲಿಲ್ಲ. ಮಾಸ್ತರು ವಿಭೂತಿ ಹಚ್ಚಿಕೊಂಡು, ತೊಳೆದ ಅಂಗಿ ತೊಟ್ಟು, ಯಾದಿ ಕೈಯಲ್ಲಿ ಹಿಡಿದು ನಿಂತಿದ್ದರು. ಸಿಟ್ಟಿರಲಿಲ್ಲ.

“ಎಲ್ಲಾರೂ ಹೇಳಿದ ಪ್ರಮಾಣ ಬರೋಬ್ಬರಿ ತರಿಸೀನಿ. ಯಾರೂ ಒಯ್ಯಾಕ ಬರವಲ್ರಿ. ಅಕ್ಕಿಯಾಗ ಏನರೆ ಕೆಟ್ಟದ ಏನ್ರಿ?”

ಎಲ್ಲರೂ ಕಿಟಕಿಯ ಕಡೆ ನೋಡಿದರು. ಕಡೆಗೆ ಗಿರದಾವರರು ಕೆಮ್ಮಿದರು. ಇಲಾಖೆಯಲ್ಲಿ ಮೂವತ್ತೈದು ವರ್ಷ ಇದ್ದವರು. ತಪ್ಪನ್ನು ಎಲ್ಲಿ ಕೂಡಿಸಬೇಕೆಂಬುದು ಅವರಿಗೆ ಗೊತ್ತಿತ್ತು.

“ಮಾಸ್ತರ, ನಾ ಅಕ್ಕಿ ಅಂದೇ ಇಲ್ಲ. ನಾ ಅಂದದ್ದು ಜ್ವಾಳ. ನಿಮ್ಮ ಮಷಿನ್ ಏನ್ ಬರಕೊಂಡದೋ ಯಾರಿಗ್ ಗೊತ್ತು.”

ಕೂತವರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಅಷ್ಟು ಸರಳವಾದ ದಾರಿ ಯಾರಿಗೂ ಹೊಳೆದಿರಲಿಲ್ಲ.

“ಹೌದ್ರಿ, ನಾನೂ ಜ್ವಾಳನೇ ಅಂದಿದ್ದೆ,” ಎಂದರು ಬ್ಯಾಂಕಿನವರು.

“ನಮ್ಮನ್ಯಾಗ ಅಕ್ಕಿ ಯಾರೂ ಮುಟ್ಟಂಗಿಲ್ರಿ, ಹೊಟ್ಟಿ ಉಬ್ಬತದ,” ಎಂದ ಮತ್ತೊಬ್ಬ.

“ಸೆಕೆಂಡ್ ಹ್ಯಾಂಡ್ ಮಷಿನ್ ನೋಡ್ರಿ. ಹೈದ್ರಾಬಾದದಾಗ ಅಕ್ಕಿ ಬರದ್ ಬರದ್ ರೂಢಿಯಾಗಿರ್ತದ.” ಇದಕ್ಕೆ ನಗೆಯೂ ಎದ್ದಿತು.

“ಮತ್ತ ಬಾಗಿಲಿಗಿ ಮೂರು ದಿನ ಹಚ್ಚಿದ್ದೆನಲ್ರಿ?” ಎಂದರು ಮಾಸ್ತರು. “ಒಬ್ಬರೂ ತಕರಾರ ಹೇಳಲಿಲ್ಲ.”

“ಇಂಗ್ಲಿಷಿನ್ಯಾಗ ಹಚ್ಚಿದ್ರಿ,” ಎಂದರು ಗಿರದಾವರರು. “ನಾವು ಉರ್ದು ಮೀಡಿಯಮ್ ಮಂದಿ.”

ಮಾಸ್ತರು ಸುತ್ತ ನೋಡಿ, ಕಡೆಗೆ ನನ್ನ ಕಡೆ ತಿರುಗಿದರು. “ಪಂಡಿತರ, ನೀವು ಹೇಳ್ರಿ. ನೀವು ಅಕ್ಕಿ ಅಂದಿದ್ರೋ, ಜ್ವಾಳ ಅಂದಿದ್ರೋ?”

ಮಕ್ಕಳಿಗೆ ಸತ್ಯದ ಮೇಲೆ ಪ್ರಬಂಧ ಬರೆಸಿದ್ದೇನೆ. ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟಿದ್ದೇನೆ. ಓಣಿಯ ಇಪ್ಪತ್ತೈದು ಯಜಮಾನರು ನನ್ನನ್ನು ನೋಡುತ್ತಿದ್ದರು. ನಾನು ಕೂತದ್ದು ನನ್ನದೇ ಮೂವತ್ತು ಕಿಲೋ ಅಕ್ಕಿಯ ಮೇಲೆ.

“ಜ್ವಾಳ ಅಂದಂಗ ನೆನಪು,” ಎಂದೆ.

ಮಾಸ್ತರ ಬೆರಳುಗಳು ತೊಡೆಯ ಮೇಲೆ ಆ ಮೂರು ಶಬ್ದಗಳನ್ನು ಬಡಿದವು. ಹೆಬ್ಬೆರಳು ಕುಟ್ಟಿತು. ಆಮೇಲೆ ಅವರು ಯಾದಿಯನ್ನು ಮಡಚಿ, ಕೈ ಜೋಡಿಸಿ ಸಭೆಗೆ ಹೇಳಿದರು: “ನನ್ನ ಪ್ರೋಗ್ರಾಮಿನ್ಯಾಗ ತಪ್ಪದ. ಮಾಫ್ ಮಾಡ್ರಿ. ಹುಡುಕಿ ತೆಗೀತೇನಿ.”

ಅವರು ನಮ್ಮ ಮಾನ ಕಾಯಲು ಹಾಗೆ ಹೇಳಿದರೆಂದು ಓಣಿಯಲ್ಲಿ ಈಗ ಕೆಲವರು ಅನ್ನುತ್ತಾರೆ. ಹಾಗೆ ಅಂದುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಅದು ನಿಜವಲ್ಲ. ಮಾಸ್ತರು ನಮ್ಮನ್ನು ನಂಬಿದರು, ಅಷ್ಟೇ. ಇಪ್ಪತ್ತಾರು ಜನ ಒಂದು ಕಡೆ, ಒಂದು ಕಂಪ್ಯೂಟರು ಇನ್ನೊಂದು ಕಡೆ. ಅವರು ಜನರನ್ನು ಆರಿಸಿಕೊಂಡರು.

ಎಂಟು ಚೀಲ ಅಕ್ಕಿಯನ್ನು ಒಂದು ಮಠದ ಬೋರ್ಡಿಂಗಿಗೆ ಸಾಗಿಸಿದರು. ಯಡ್ರಾಮಿಯವನಿಗೆ ಕೊಟ್ಟ ಮಾತು ತಪ್ಪಬಾರದೆಂದು ಕಡೆಯ ಟೈಪ್‌ರೈಟರೂ ಹೋಯಿತು. ಜೋಳ ಬೇಕೆಂದು ಸರಸಂಬಾಕ್ಕೆ ಹೇಳಿ ಕಳಿಸಿದರು. ದೀಪಾವಳಿಯ ಮುಂದೆ ಮುತ್ಯಾ ಬರಿಗೈಯಲ್ಲಿ ಬಂದ. ನಾನು ಅಲ್ಲೇ ಇದ್ದೆ.

“ಬ್ಯಾಡ ಅಂದ್ರಿ, ಇದ್ದ ಜ್ವಾಳ ಮಾರಿದೆ. ಸೂರ್ಯಕಾಂತಿ ಬಿತ್ತೀನಿ, ಮೊಳಕಾಲ್ ಮಟ ಎದ್ದಾವ. ಈಗ ಮತ್ತ ಜ್ವಾಳ ಬೇಕಂತೀರಿ. ಮಾಸ್ತರ, ನಿಮ್ಮ ಓಣಿ ಮಂದಿ ಖರೇ ಏನ್ ತಿಂತಾರಪಾ?”

“ಅದನ್ನೇ ಹುಡುಕಾಕತ್ತೇನಿ, ಮುತ್ಯಾ,” ಎಂದರು ಮಾಸ್ತರು.

ಅವರು ತಮಾಷೆ ಮಾಡಲಿಲ್ಲ. ಅವರ ಎದುರಿಗೆ ಪ್ರೋಗ್ರಾಮಿನ ಉದ್ದನೆಯ ಪ್ರಿಂಟು ಬಿದ್ದಿತ್ತು, ಸೀರೆ ಬಿಚ್ಚಿದ ಹಾಗೆ. ಅದರ ಒಂದೊಂದು ಸಾಲಿನ ಕೆಳಗೆ ಆ ಕಟ್ಟಿಗೆಯ ಸ್ಕೇಲು ಇಟ್ಟು, ಕೆಂಪು ಪೆನ್ಸಿಲಿನಿಂದ ಗುರುತು ಮಾಡುತ್ತ ಓದುತ್ತಿದ್ದರು. ಕಡೆಯ ಸಾಲು ಮುಟ್ಟಿದ ಮೇಲೆ ಹೊಸ ಪ್ರಿಂಟು ತೆಗೆದು ಮೊದಲಿನಿಂದ ಶುರು. ಕಾಗದ ಉಳಿಸಬೇಕೆಂದು ಚೀಟಿಯನ್ನೇ ಬೇಡವೆಂದ ಮನುಷ್ಯ ಕೋಣೆಯ ಒಂದು ಮೂಲೆಯನ್ನು ಕಾಗದದಿಂದ ತುಂಬಿದರು.

ಪ್ರೋಗ್ರಾಮಿನಲ್ಲಿ ಸಿಗಲಿಲ್ಲವೆಂದು ಆಮೇಲೆ ತಮ್ಮ ಬೆರಳುಗಳ ಮೇಲೆ ಸಂಶಯಪಟ್ಟರು. ಒಂದು ದಿನ ಮಾಳಿಗೆ ಹತ್ತಿ ಹೋದಾಗ ಕಂಡೆ: ಮಾಸ್ತರು ಕುತ್ತಿಗೆ ಬಗ್ಗಿಸಿ, ಕೀಲಿಗಳನ್ನು ನೋಡಿ ನೋಡಿ, ಒಂದೊಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದರು. ಮೂರು ತಾಲೂಕುಗಳಿಗೆ ‘ನೋಡಬ್ಯಾಡ’ ಎಂದು ಕಲಿಸಿದ ಮನುಷ್ಯ. ನನ್ನನ್ನು ಕಂಡು ನಾಚಿ ಕೈ ಹಿಂದೆ ತೆಗೆದರು. ಆ ಬಳಿಕ ಮಾತಾಡುವಾಗ ಅವರ ಬೆರಳುಗಳು ತೊಡೆಯ ಮೇಲೆ ಆಡಿದ್ದನ್ನು ನಾನು ನೋಡಲಿಲ್ಲ.

ಅಫಜಲಪುರದ ಶಿಷ್ಯ ಎರಡು ದಿನ ರಜೆ ಹಾಕಿ ಬಂದು ಪ್ರೋಗ್ರಾಮು ಪೂರ್ತಿ ಓದಿದ. ಹೋಗುವಾಗ ನಮ್ಮ ಮನೆಗೆ ಬಂದು ಹೋದ.

“ತಪ್ಪಿಲ್ರಿ ಸರ್. ಒಂದ್ ಅಕ್ಷರಾನೂ ತಪ್ಪಿಲ್ಲ. ಮಂದಿನೇ ಸುಳ್ಳ್ ಹೇಳ್ಯಾರ ಅಂದೆ. ನನಗ ಹೊಡ್ಯಾಕ ಬಂದ್ರು ನೋಡ್ರಿ. ‘ಇಪ್ಪತ್ತಾರು ಮನಿಯವ್ರು ಕೂಡಿ ಸುಳ್ಳ್ ಹೇಳ್ತಾರೇನಲೇ? ಮಂದಿದ್ ಬಿಡು, ಪಂಡಿತರು ಹೇಳ್ತಾರೇನು?’ ಅಂದ್ರು.” ಅವನು ನನ್ನನ್ನು ನೋಡಿದ. ಹುಷಾರಿ ಹುಡುಗ. “ನೀವಾದ್ರೂ ಒಂದ್ ಮಾತು ಹೇಳ್ರಿ, ಸರ್,” ಎಂದು ಹೋದ.

ಹೇಳಲೆಂದೇ ಮರುದಿನ ಹೋದೆ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಕರ್ತೃ ಇಲ್ಲದ ವಾಕ್ಯಗಳೇ ಬಂದವು. ಮಾಸ್ತರು ಖುಷಿಯಿಂದ ಕುರ್ಚಿ ಸರಿಸಿದರು.

“ಬರ್ರಿ, ಬರ್ರಿ. ಒಂದ್ ಪರೀಕ್ಷಾ ಮಾಡೂಣು. ನೀವು ಜ್ವಾಳ ಅನ್ರಿ, ನಾ ಬಡೀತೇನಿ. ಏನ್ ಬರ್ತದ ನೋಡೂಣು.”

“ಜ್ವಾಳ,” ಎಂದೆ.

ಅವರು ಕೀಲಿ ನೋಡಿ ಬಡಿದರು. ಪರದೆಯ ಮೇಲೆ ಜೋಳವೇ ಬಂತು.

“ಮತ್ತೊಮ್ಮೆ ಅನ್ರಿ.”

ಹೀಗೆ ಇಪ್ಪತ್ತು ಸಲ ನಾನು ಜೋಳ ಎಂದೆ. ಇಪ್ಪತ್ತು ಸಲವೂ ಜೋಳವೇ ಬಂತು. ಮಾಸ್ತರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಇವತ್ತ ಬರೋಬ್ಬರಿ ಬರಾಕತ್ತದ ನೋಡ್ರಿ. ಆವತ್ತ ಏನಾಗಿತ್ತೋ, ಪಂಡಿತರ. ಎಷ್ಟ್ ಮಂದಿಗಿ ತ್ರಾಸ ಕೊಟ್ಟೆ.”

ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕೇಳುವವರಿರಲಿಲ್ಲ, ಹೆದರುವ ಕಾರಣವಿರಲಿಲ್ಲ, ಬಾಯಿ ನನ್ನದೇ ಇತ್ತು. ಅವರು ಚಹಾ ತರಿಸಿದರು. ಕುಡಿದೆ. ಉಳಿದ ಪ್ರಿಂಟು ಮಡಚಲು ಒಂದು ತುದಿ ಹಿಡಿಯಿರಿ ಎಂದರು. ಹಿಡಿದೆ. ಮಡಚಿ ಕೊಟ್ಟು ಮನೆಗೆ ಬಂದೆ. ಹೆಂಡತಿ, “ಹೇಳಿದ್ರೇನು?” ಎಂದಳು. ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ನನ್ನನ್ನು ನೋಡಿ, ಮತ್ತೆ ಬಡಿಯತೊಡಗಿದಳು.

ಎರಡು ವರ್ಷ ಅವರು ಹುಡುಕಿದರು. ಅಷ್ಟರಲ್ಲಿ ಊರಿನಲ್ಲಿ ಬಣ್ಣದ ಬೋರ್ಡಿನ ಎರಡು ಕಂಪ್ಯೂಟರ್ ಸೆಂಟರು ಬಂದವು. ‘ಮಾಸ್ತರ ಮಷಿನ್ ಜೋಳಕ್ಕ ಅಕ್ಕಿ ಬರೀತದ’ ಎಂಬ ಮಾತು ಅಫಜಲಪುರದ ತನಕ ಹೋಗಿತ್ತು. ಅವರ ಮಾಳಿಗೆ ಹತ್ತುವವರು ಉಳಿಯಲಿಲ್ಲ. ಹೋದ ತಿಂಗಳು ಎರಡು ದಿನದ ಜ್ವರದಲ್ಲಿ ಹೋದರು. ಮಣ್ಣಿಗೆ ಓಣಿಯ ಇಪ್ಪತ್ತಾರೂ ಮನೆಯವರು ಬಂದಿದ್ದೆವು. ಅಂಥ ಒಗ್ಗಟ್ಟು ನಮ್ಮಲ್ಲಿ ಹಿಂದೆ ಒಮ್ಮೆ ಮಾತ್ರ ಕಂಡಿತ್ತು. ಗಿರದಾವರರು ಕಣ್ಣೊರೆಸಿಕೊಂಡು, “ಒಳ್ಳೆ ಮನುಷ್ಯಾ, ಆ ಮಷಿನ್ ನಂಬಿ ಕೆಟ್ಟ” ಎಂದರು. ಯಾರೂ ತಿದ್ದಲಿಲ್ಲ. ಹುಮನಾಬಾದಿನಿಂದ ಬಂದ ಮಗಳು ಮೂಲೆಯ ಕಾಗದದ ರಾಶಿ ತೋರಿಸಿ ನನ್ನನ್ನು ಕೇಳಿದಳು.

“ಕಾಕಾ, ಅಪ್ಪ ಇದೆಲ್ಲಾ ಏನ್ ಬರೀತಿದ್ರು?”

“ಲೆಕ್ಕ ನೋಡ್ತಿದ್ರವ್ವ,” ಎಂದೆ.

ಅವಳು ಕಾಗದವನ್ನು ರದ್ದಿಗೆ ಹಾಕಿ, ಕಂಪ್ಯೂಟರನ್ನು ಅಫಜಲಪುರದ ಶಿಷ್ಯನಿಗೆ ಕೊಟ್ಟು, ಮಾಳಿಗೆಯನ್ನು ಸೈಕಲ್ ಅಂಗಡಿಯವನಿಗೆ ಬಿಟ್ಟುಕೊಟ್ಟು ಹೋದಳು. ಕೂಡಿ ತರುವ ಪದ್ಧತಿ ಮತ್ತೆ ಶುರುವಾಗಲಿಲ್ಲ. ಇಪ್ಪತ್ತಾರೂ ಮನೆಗಳವರು ಜೋಳವನ್ನು ಬೇರೆ ಬೇರೆ ಅಂಗಡಿಗಳಿಂದ ತರುತ್ತಾರೆ.